ಹತ್ತನೇ ರೊಟ್ಟಿ

ನಮ್ಮ ಊರಿನಲ್ಲಿ ಯಾರಿಗೆ ಯಾರೊಂದಿಗೆ ಸಂಬಂಧವಿದೆ ಎಂದು ತೋರಿಸಲು ಯಾವ ಯೋಜನೆಯ ಅಗತ್ಯವೂ ಇರಲಿಲ್ಲ. ಹೊರಗೆ ಬಂದು ತಲೆ ಎತ್ತಿದರೆ ಸಾಕಿತ್ತು. ಸೂಲಗಿತ್ತಿಯಿಂದ ಅವಳು ಹಿಡಿದ ಮಕ್ಕಳಿಗೆ, ಬಾವಿಯಿಂದ ಅದನ್ನು ತೋಡಿದವರ ಮನೆಗೆ, ಜಗಳವಾಡಿ ಬೇರೆಯಾದ ಅಣ್ಣನಿಂದ ತಮ್ಮನಿಗೆ, ಎಲ್ಲಕ್ಕೂ ಕಣ್ಣಿಗೆ ಕಾಣುವ ಒಂದೊಂದು ಎಳೆ. ಕೆಲವು ಜೇಡರ ಬಲೆಯಷ್ಟು ತೆಳು, ಕೆಲವು ಬಾವಿ ಹಗ್ಗದಷ್ಟು ದಪ್ಪ. ಕತ್ತರಿಸಲು ಬರುವುದಿಲ್ಲ, ಬಿಚ್ಚಲು ಬರುವುದಿಲ್ಲ. ಹೆಂಗಸರು ಅದರ ಮೇಲೆ ಒಗೆದ ಬಟ್ಟೆ ಹರವುತ್ತಾರೆ. ಎಳೆಗೆ ಸಿಕ್ಕೀತೆಂದು ಎತ್ತಿನ ಕೋಡಿಗೆ ಬಟ್ಟೆ ಸುತ್ತದೆ ಯಾರೂ ಗಾಡಿ ಹೊಡೆಯುವುದಿಲ್ಲ. ಬಸ್ಸು ಊರ ಹೊರಗೇ ನಿಲ್ಲುತ್ತದೆ. ನಮ್ಮ ಊರಿನವರು ಬೇರೆ ಊರಿಗೆ ಹೋದಾಗ ಸುಲಭವಾಗಿ ಗುರುತು ಸಿಗುತ್ತಾರೆ. ಏನೂ ಇಲ್ಲದ ರಸ್ತೆಯಲ್ಲಿ ಸುಮ್ಮನೆ ತಲೆ ಬಗ್ಗಿಸಿ ನಡೆಯುತ್ತಾರೆ.

ಆದರೆ ಎಳೆ ಇದೆ ಎಂದು ಕಾಣುತ್ತದೆಯೇ ಹೊರತು ಯಾಕಿದೆ ಎಂದು ಕಾಣುವುದಿಲ್ಲ. ಹಾಗಾಗಿ ನಮ್ಮಲ್ಲಿ ಚಿಕ್ಕಂದಿನಿಂದಲೇ ಒಂದು ಮರ್ಯಾದೆ ಕಲಿಸುತ್ತಾರೆ. ಎಳೆ ಕಂಡರೆ ಬಗ್ಗು, ಬಾಯಿ ಬಿಡಬೇಡ. ಮಾಸ್ತರರ ಮನೆಯಿಂದ ಬಳೆಗಾರ್ತಿಯ ಮನೆಗೆ ಎಳೆ ಇದ್ದರೆ ಇದೆ. ಅದು ಅವರಿಬ್ಬರ ವಿಷಯ. ಈ ಒಂದು ಮರ್ಯಾದೆಯ ಮೇಲೆ ಊರು ನಿಂತಿತ್ತು. ಅದನ್ನು ಮುರಿಯುವ ಕೆಲಸ ನನ್ನ ತಲೆಗೆ ಬಂತು.

ನಾನು ಇಂದುಮತಿ, ಇಲ್ಲಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಶಿಕ್ಷಣದ ಇತಿಹಾಸ ಕಲಿಸುತ್ತೇನೆ. ರಾಜಧಾನಿಯ ಸಂಸ್ಥೆಯೊಂದು ‘ಕೊಂಡಿ ಯೋಜನೆ’ ಎಂದು ಶುರುಮಾಡಿತು. ನಾಡಿನ ಶಾಲೆಗಳು, ಅಲ್ಲಿ ಕಲಿಸಿದವರು, ಕಲಿತವರು, ಪಠ್ಯಪುಸ್ತಕಗಳು, ಅವುಗಳೊಳಗಿನ ಹಾಡುಗಳು, ಎಲ್ಲಕ್ಕೂ ಒಂದೊಂದು ಶಾಶ್ವತ ವಿಳಾಸ ಕೊಟ್ಟು, ಒಂದನ್ನೊಂದು ಜೋಡಿಸಿ ಇಂಟರ್ನೆಟ್ಟಿನಲ್ಲಿ ಇಡಬೇಕು. ಇದಕ್ಕೆ ಅವರು ಲಿಂಕ್ಡ್ ಡೇಟಾ ಎನ್ನುತ್ತಿದ್ದರು. ಹಳೆಯ ಕಂಪ್ಯೂಟರಿಗೆ ಈ ಪುಸ್ತಕಕ್ಕೂ ಆ ಮನುಷ್ಯನಿಗೂ ಏನೋ ಕೊಂಡಿ ಇದೆ ಎಂದಷ್ಟೇ ಗೊತ್ತು. ಆ ಕೊಂಡಿ ಎಂಥದ್ದು, ಬರೆದವನೋ, ಓದಿದವನೋ, ಸುಟ್ಟವನೋ ಎಂದು ಯಂತ್ರಕ್ಕೆ ತಾನಾಗಿ ತಿಳಿಯುವಂತೆ ಮಾಡುವುದೇ ಹೊಸ ವಿದ್ಯೆ. ಎಲ್ಲೋ ದೂರದಲ್ಲಿ ಕೂತ ಸಂಶೋಧಕಿಯೊಬ್ಬಳು ‘ಈ ಹಾಡನ್ನು ಯಾವ ಯಾವ ಶಾಲೆಯಲ್ಲಿ ಯಾರು ಕಲಿಸಿದರು’ ಎಂದು ಕೇಳಿದರೆ ನೂರು ಗ್ರಂಥಾಲಯಗಳು ಒಟ್ಟಿಗೆ ಉತ್ತರ ಕೊಡಬೇಕು. ನಾನು ಇದನ್ನು ನಂಬಿದ್ದೆ. ಈಗಲೂ ಅರ್ಧ ನಂಬುತ್ತೇನೆ. ಉಳಿದ ಅರ್ಧ ತ್ರಿಲೋಚನರ ಜೊತೆ ಮಾತಾಡಿ ಮಾತಾಡಿ ಸವೆದು ಹೋಯಿತು.

ಡಾಕ್ಟರ್ ತ್ರಿಲೋಚನ ಯೋಜನೆಯ ಮುಖ್ಯಸ್ಥರು. ಪ್ರತಿ ಮಂಗಳವಾರ ಪರದೆಯ ಮೇಲೆ ಬರುತ್ತಿದ್ದರು. ನಮ್ಮ ಊರಿನ ಎಳೆಗಳ ವಿಷಯ ಕೇಳಿ ಅವರಿಗೆ ಬಹಳ ಸಂತೋಷವಾಗಿತ್ತು.

“ನಿಮ್ಮದು ಅರ್ಧ ಕೆಲಸ ಆಗೇ ಇದೆ ಮೇಡಂ. ಕೊಂಡಿಗಳು ಕಣ್ಣಿಗೇ ಕಾಣ್ತವೆ. ನೀವು ಒಂದೊಂದಕ್ಕೂ ಹೆಸರು ಕೊಟ್ಟರೆ ಮುಗೀತು.”

“ಏನಂತ ಹೆಸರು ಕೊಡೋದು ಸರ್?”

“ಪಟ್ಟಿ ಕಳಿಸಿದೀನಲ್ಲ. ನಲವತ್ತು ಸಂಬಂಧಗಳಿವೆ. ಅದರಲ್ಲಿ ಇರೋದನ್ನೇ ಹಾಕಿ.”

“ಅದರಾಗ ಇಲ್ಲದ್ದು ಬಂದ್ರ?”

“ಬರಲ್ಲ ಮೇಡಂ. ಮನುಷ್ಯರಿಗೆ ನಲವತ್ತು ಸಾಕು.”

ನಾನೂ ನಮ್ಮ ಕಾಲೇಜಿನ ಕಂಪ್ಯೂಟರ್ ಆಪರೇಟರ್ ದಾದಾಪೀರನೂ ರಟ್ಟಿನ ಚೀಟಿಗಳನ್ನು ಕತ್ತರಿಸಿಕೊಂಡು ಊರು ಸುತ್ತಲು ಹೊರಟೆವು. ಶಾಲೆಗೆ ಸೇರಿದ ಎಳೆಗಳಿಗೆಲ್ಲ ಚೀಟಿ ಕಟ್ಟಿ, ಅದೇ ಮಾತನ್ನು ಕಂಪ್ಯೂಟರಿಗೆ ಹಾಕುವುದು. ಆ ಬೇಸಿಗೆಯನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಶಾಲೆಯ ಹಳೆಯ ಅಟೆಂಡರ್ ನಿವೃತ್ತನಾಗಿ ಮನೆಯಲ್ಲಿದ್ದ. ಅವನಿಗೂ ಶಾಲೆಯ ಗಂಟೆಗೂ ಎಳೆ ಇತ್ತು. ‘ಬಳಸಿದವರು’ ಎಂದು ಬರೆದರೆ ಅವನು ಅತ್ತುಬಿಟ್ಟ. “ಬಳಸಿದೆ ಅಂತೀರೇನ್ರಿ? ಅದು ನನ್ನ ಮಾತ ಕೇಳತಿತ್ರಿ” ಎಂದ. ಹೊಲಿಗೆ ಕಲಿಸುತ್ತಿದ್ದ ಟೀಚರೊಬ್ಬರಿಗೂ ದರ್ಜಿಯೊಬ್ಬನಿಗೂ ಗಟ್ಟಿ ಎಳೆ. ಊರು ಇಪ್ಪತ್ತು ವರ್ಷ ಏನೇನೋ ಅಂದುಕೊಂಡು ಬಾಯಿ ಮುಚ್ಚಿಕೊಂಡಿತ್ತು. ಕೇಳಿದರೆ ಆ ಟೀಚರು, “ಮದುವಿ ಕುಪ್ಪಸ ಕೆಡಿಸ್ಯಾನ, ಬರಕೋರಿ” ಎಂದು ಬಾಗಿಲು ಹಾಕಿಕೊಂಡರು. ‘ಕುಪ್ಪಸ ಕೆಡಿಸಿದವನು’ ನಲವತ್ತರಲ್ಲಿ ಇರಲಿಲ್ಲ. ದಾದಾಪೀರ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, “‘ಸಹಯೋಗಿ’ ಹಾಕ್ಲೇನ್ರಿ ಮೇಡಂ?” ಎಂದು ಕೇಳಿದ. ಹಾಕು ಎಂದೆ. ಎಷ್ಟೋ ಕಡೆ ಹೀಗೆ ಬಾಯಿಗೆ ಬಂದದ್ದು ಹಾಕಿದೆವು. ಮಂಗಳವಾರ ತ್ರಿಲೋಚನರು ನಮ್ಮ ಪ್ರಗತಿ ಚೆನ್ನಾಗಿದೆ ಎಂದರು.

ಹೀಗೆ ತಪ್ಪಿಸಿಕೊಳ್ಳಲು ಆಗದ ಒಂದು ಎಳೆ ಊರಲ್ಲಿ ಇತ್ತು. ಪೇಟೆ ಬೀದಿಗೆ ಅಡ್ಡವಾಗಿ, ಸರಿಯಾಗಿ ಕತ್ತಿನ ಎತ್ತರಕ್ಕೆ, ತೋಳಿನಷ್ಟು ದಪ್ಪವಾಗಿ ಹಾದು ಹೋಗುತ್ತಿತ್ತು. ಅದರ ಒಂದು ತುದಿ ನಿವೃತ್ತ ಮುಖ್ಯೋಪಾಧ್ಯಾಯಿನಿ ಯಮುನಾಬಾಯಿ ಅಕ್ಕೋರ ಮನೆ, ಇನ್ನೊಂದು ತುದಿ ಫಕೀರಪ್ಪನ ಹಿಟ್ಟಿನ ಗಿರಣಿ. ಅಕ್ಕೋರಿಗೆ ಎಂಬತ್ತು ದಾಟಿತ್ತು, ಫಕೀರಪ್ಪನಿಗೆ ಎಪ್ಪತ್ತರ ಮೇಲೆ. ಅವರಿಬ್ಬರೂ ಮಾತು ಬಿಟ್ಟು ಐವತ್ತು ವರ್ಷವಾಗಿತ್ತು. ಮಾತಿಲ್ಲದ ಎಳೆ ಸಾಮಾನ್ಯವಾಗಿ ಸವೆಯುತ್ತದೆ. ಇದು ಮಾತ್ರ ವರ್ಷವರ್ಷವೂ ದಪ್ಪವಾಗುತ್ತಿತ್ತು.

ಆ ಎಳೆಯನ್ನು ಬಿಡುವಂತಿರಲಿಲ್ಲ. ಏಕೆಂದರೆ ನಮ್ಮ ಊರಿನಿಂದ ಹೊರಗೆ ಹೋಗಿ ಹೆಸರು ಮಾಡಿದ್ದು ಒಂದೇ ಪುಸ್ತಕ, ‘ಎಣಿಕೆಯ ಹಾಡುಗಳು’. ಒಂದನೇ ತರಗತಿಗೆ ಎಷ್ಟೋ ಜಿಲ್ಲೆಗಳಲ್ಲಿ ಅದೇ ಪಾಠ. ಅದರ ರೊಟ್ಟಿ ಹಾಡನ್ನು ಹಾಡದೆ ನನ್ನ ವಯಸ್ಸಿನ ಯಾರೂ ಹತ್ತರವರೆಗೆ ಎಣಿಸಲು ಕಲಿತಿಲ್ಲ. ಪುಸ್ತಕದ ಮೇಲೆ ಯಮುನಾಬಾಯಿಯವರ ಹೆಸರಿದೆ. ಆ ಪುಸ್ತಕದಿಂದಲೂ ಎಳೆಯೊಂದು ಹೊರಟು ಗಿರಣಿಯ ಕಡೆಗೇ ಹೋಗುತ್ತದೆ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಹೆಸರು ಸಿಗಲಿಲ್ಲವೆಂದು ಫಕೀರಪ್ಪನಿಗೆ ಸಿಟ್ಟು ಎಂದು ಊರು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿತ್ತು.

ಮೊದಲು ಅಕ್ಕೋರ ಮನೆಗೆ ಹೋದೆ. ಅವರು ನನಗೂ ಕಲಿಸಿದವರು. ಹಚ್ಚಿದ ಅವಲಕ್ಕಿ ಕೊಟ್ಟು, ಚೀಟಿ ಕೈಗೆ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು ಓದಿದರು.

“‘ರಚಿಸಿದವರು, ಯಮುನಾಬಾಯಿ.’ ಇದು ತಪ್ಪು ಇಂದೂ. ನಾ ರಚಿಸಿಲ್ಲ.”

“ಪುಸ್ತಕದ ಮ್ಯಾಲ ನಿಮ್ಮ ಹೆಸರ ಅದ ಅಕ್ಕೋರ.”

“ಅದನ್ನ ನಾ ಹಾಕಿಸ್ಕೊಂಡಿಲ್ಲ. ಕಮಿಟಿಯವರು ಒಂದ ಹೆಸರು ಕೇಳಿದ್ರು, ಕಳಿಸಿದಾಕಿ ನಾನು, ನನ್ನ ಹೆಸರು ಹಾಕಿದ್ರು.”

ನಡೆದದ್ದನ್ನು ಅವರು ಹೀಗೆ ಹೇಳಿದರು. ಇಪ್ಪತ್ತೆರಡರ ವಯಸ್ಸಿಗೆ ಈ ಊರಿಗೆ ಬಂದಾಗ ಅವರಿಗೆ ಬರುತ್ತಿದ್ದದ್ದು ಮನೆಮಾತು ಮರಾಠಿ. ಕನ್ನಡ ಪುಸ್ತಕದಲ್ಲಿ ಕಲಿತದ್ದು, ಬಾಯಿಗೆ ಬಾರದು. ಹುಡುಗರು ನಗುತ್ತಿದ್ದರು. ಆಗ ನಾಲ್ಕನೇ ತರಗತಿಯಲ್ಲಿ ಹದಿನಾಲ್ಕು ವರ್ಷದ ಫಕೀರಪ್ಪ ಇದ್ದ, ಲೆಕ್ಕದಲ್ಲಿ ಮೂರು ಸಲ ನಪಾಸಾದವನು. ಶಾಲೆ ಬಿಟ್ಟ ಮೇಲೆ ಅವರು ಅವನಿಗೆ ಭಾಗಾಕಾರ ಹೇಳಿಕೊಡುವುದು, ಅವನು ಅವರಿಗೆ ರೊಟ್ಟಿ ಬೇಯಿಸುವ ಹಂಚು, ಒನಕೆ, ಮೊರ, ಕಣಕ ಎಂದು ಕನ್ನಡ ಹೇಳಿಕೊಡುವುದು ಎಂದು ಒಪ್ಪಂದವಾಯಿತು. ಮಾತು ಕಲಿಸಲು ಅವನು ತನ್ನ ತಾಯಿ ನೀಲವ್ವ ಒಲೆಯ ಮುಂದೆ ಹಾಡುತ್ತಿದ್ದ ಹಾಡುಗಳನ್ನು ಹೇಳುತ್ತಿದ್ದ. ಅಕ್ಕೋರು ಬರೆದುಕೊಂಡರು. ಕೆಲವು ವರ್ಷದ ಮೇಲೆ ಅವೇ ಪುಸ್ತಕವಾದವು.

“ಆ ಪುಸ್ತಕದಾಗ ನಂದು ಅನ್ನೂದು ಒಂದ ಸಾಲು” ಎಂದು ಅಕ್ಕೋರು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. “ಉಳಿದದ್ದೆಲ್ಲಾ ಅವರ ಮನೀದು. ಅವನ ಹೆಸರು, ಅವನ ತಾಯಿ ಹೆಸರು ಹಾಕಸ್ತೀನಿ ಅಂತ ಎಷ್ಟ ಸಲ ಗಿರಣಿಗೆ ಹೋದೆ. ನನ್ನ ಮುಖಾ ನೋಡಿದ ಕೂಡ್ಲೆ ಬಾಗಲಾ ಎಳಕೋತಾನ. ನೀನರ ಕೇಳಿ ಹಾಕು. ನನ್ನ ಹೆಸರು ತಗದಹಾಕು.”

ಇಬ್ಬರ ನಡುವಿನ ಎಳೆಗೆ ಏನು ಬರೆಯಲಿ ಎಂದು ಕೇಳಿದೆ. “ನಾ ಅವಗ ಕಲಿಸೀನಿ, ಅವ ನನಗ ಕಲಿಸ್ಯಾನ. ಎರಡೂ ಬರಿ” ಎಂದರು.

ಇದಕ್ಕಿಂತ ಸರಳವಾದ ಮಾತು ಜಗತ್ತಿನಲ್ಲಿ ಇರಲಿಕ್ಕಿಲ್ಲ ಎಂದುಕೊಂಡು ಮಂಗಳವಾರ ಪರದೆಯ ಮುಂದೆ ಕೂತೆ.

“ಎರಡು ದಿಕ್ಕು ಆಗಲ್ಲ ಮೇಡಂ” ಎಂದರು ತ್ರಿಲೋಚನ. “ಒಬ್ಬರು ಗುರು, ಒಬ್ಬರು ಶಿಷ್ಯ. ಇಬ್ಬರೂ ಎರಡೂ ಆದರೆ ಯಂತ್ರ ಗೊಂದಲ ಮಾಡ್ಕೊಳ್ಳುತ್ತೆ. ಒಂದು ಆರಿಸಿ. ಆಮೇಲೆ ಆ ಪುಸ್ತಕದ ಲೇಖಕಿಯನ್ನ ಬದಲಾಯಿಸೋ ಹಾಗಿಲ್ಲ.”

“ಲೇಖಕಿ ತಾವ ನಾ ಬರದಿಲ್ಲ ಅಂತ ಹೇಳ್ಯಾರ ಸರ್.”

“ಅವರು ಹೇಳಿದ್ರೆ ಆಗಲ್ಲ. ಕೇಂದ್ರ ಗ್ರಂಥಾಲಯದ ಪ್ರಮಾಣ ಪಟ್ಟಿಯಲ್ಲಿ ಅವರ ಹೆಸರಿದೆ. ಅದಕ್ಕೆ ಬೇರೆ ಹದಿನೇಳು ಕಡೆಯಿಂದ ಕೊಂಡಿ ಬಿದ್ದಿದೆ.”

“ಅಂದ್ರ ಯಮುನಾಬಾಯಿ ಬಗ್ಗೆ ಯಮುನಾಬಾಯಿಗೆ ಗೊತ್ತಿಲ್ಲ?”

“ಅವರು ಪ್ರಮಾಣ ಅಲ್ಲ ಮೇಡಂ” ಎಂದರು. ತಮಾಷೆಗೆ ಹೇಳಿದ್ದಲ್ಲ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಅದು ಹೋದದ್ದಕ್ಕೆ ನನಗೆ ಸಂತೋಷವಾದದ್ದು ಅದೇ ಮೊದಲು.

ಗಿರಣಿಗೆ ಹೋದಾಗ ಫಕೀರಪ್ಪ ಜೋಳ ಬೀಸುತ್ತಿದ್ದ. ಕೈಯಲ್ಲಿ ಚೀಟಿ ಇರುವುದನ್ನು ನೋಡಿದವನೇ, ಸರದಿಯಲ್ಲಿ ಹಿಂದಿದ್ದ ಮೆಣಸಿನಕಾಯಿಯ ಡಬ್ಬಿಯನ್ನು ಮುಂದೆ ತೆಗೆದುಕೊಂಡು ಸುರಿದ. ನಾನೂ ದಾದಾಪೀರನೂ ಸೀನಿ ಸೀನಿ ಕಣ್ಣೀರು ಹಾಕುತ್ತ ನಿಂತೆವು. ಅವನಿಗೆ ಇಂಥದ್ದರಲ್ಲಿ ಖುಷಿ. ಬೀಸಿಸಲು ಬಂದವರಿಗೆಲ್ಲ ದಿನವೂ ತನಗೆ ಅನ್ಯಾಯವಾಗಿದೆ ಎಂದು ಹೇಳುತ್ತಿದ್ದ. ಏನು ಅನ್ಯಾಯ ಎಂದು ಮಾತ್ರ ಹೇಳುತ್ತಿರಲಿಲ್ಲ.

“ಯಮುನಾಬಾಯಿ ಅಕ್ಕೋರು ಪುಸ್ತಕಕ್ಕ ನಿಮ್ಮ ಹೆಸರು ಹಾಕು ಅಂದಾರ” ಎಂದು ಮೆಷಿನ್ನಿನ ಸದ್ದಿನ ಮೇಲೆ ಕೂಗಿದೆ.

“ನಾ ಏನ್ ಬರದೇನ್ರಿ? ನನಗ ಹಾಡ ಕಟ್ಟಾಕ ಬರತೈತೇನು?”

“ಹಂಗಾದ್ರ ನಿಮ್ಮ ತಾಯಿಯವರ ಹೆಸರು ಹಾಕೋಣು. ನೀಲವ್ವ ಅಂತ.”

ಆಗ ಅವನು ಮೊದಲ ಸಲ ನನ್ನ ಮುಖ ನೋಡಿದ. “ನಮ್ಮವ್ವನ ಹೆಸರು ಹಾಕಿದ್ರ ಸುಮ್ನ ಇರೂದಿಲ್ಲ. ಅದು ನಮ್ಮವ್ವನ ಹಾಡಲ್ಲ.”

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಬರೆದವರು ತಾವು ಬರೆದಿಲ್ಲ ಎನ್ನುತ್ತಾರೆ, ಕೊಟ್ಟವನು ನಮ್ಮದಲ್ಲ ಎನ್ನುತ್ತಾನೆ, ಇಬ್ಬರನ್ನೂ ಕಾಣದವರು ಪ್ರಮಾಣ ಪಟ್ಟಿ ಓದುತ್ತಾರೆ. ಚೀಲದಿಂದ ಪುಸ್ತಕ ತೆಗೆದೆ. “ನಿಮ್ಮ ಹಾಡು ಹೌದೋ ಅಲ್ಲೋ ನೀವ ಕೇಳಿ ಹೇಳ್ರಿ” ಎಂದು, ಮೆಣಸಿನ ಘಾಟಿನಲ್ಲಿ ಕೆಮ್ಮುತ್ತಲೇ, ಸರದಿಯಲ್ಲಿ ನಿಂತವರೆಲ್ಲ ನೋಡುತ್ತಿದ್ದಂತೆ ಗಟ್ಟಿಯಾಗಿ ಓದಿದೆ. “ಒಂದನೇ ರೊಟ್ಟಿ ಒಲಿ ದೇವರಿಗಿ, ಎರಡನೇ ರೊಟ್ಟಿ ಎತ್ತಿಗಿ, ಮೂರನೇ ರೊಟ್ಟಿ ಮುದುಕ ಮಾವಗ, ನಾಕನೇ ರೊಟ್ಟಿ ನಾದಿನಿಗಿ, ಐದನೇ ರೊಟ್ಟಿ ಐನೋರಿಗಿ, ಆರನೇ ರೊಟ್ಟಿ ಅತ್ತಿಗಿ, ಏಳನೇ ರೊಟ್ಟಿ ಏಳೂ ಮಕ್ಕಳಿಗಿ, ಎಂಟನೇ ರೊಟ್ಟಿ ನೆಂಟರಿಗಿ, ಒಂಬತ್ತನೇ ರೊಟ್ಟಿ ಉಂಬೊ ಗಂಡಗ, ಹತ್ತನೇ ರೊಟ್ಟಿ ಹಂಚಿಕೊಂಡು ತಿಂದೆವು.”

ಫಕೀರಪ್ಪ ಮೆಷಿನ್ ಬಂದ್ ಮಾಡಿದ. ಬೆಲ್ಟು ಸುತ್ತಿ ಸುತ್ತಿ ನಿಂತಿತು.

“ಒಂಬತ್ತ ಆಕಿವು” ಎಂದ. “ಹತ್ತನೇದು ಅಲ್ಲ. ನಮ್ಮವ್ವ ಹಾಡತಿದ್ದದ್ದು, ‘ಹತ್ತನೇ ರೊಟ್ಟಿ ಹಂಚಿಗಿ ಹತ್ತಿತ್ತು.’ ಅಷ್ಟ. ಹಂಚಿಗಿ ಹತ್ತಿ ಸುಟ್ಟಿದ್ದು. ಎಲ್ಲಾರಿಗೂ ಬಡದು ಕೊಟ್ಟಾಕಿಗಿ ಏನ್ ಉಳೀತು, ನೀವ ಎಣಿಸಿ ಹೇಳ್ರಿ ಮೇಡಂ. ಕಾಲೇಜಿನ್ಯಾಗ ಕಲಸ್ತೀರಿ.”

ನಾನು ಪುಸ್ತಕ ಮುಚ್ಚಿದೆ.

“ನಮ್ಮನಿ ಸಾಲಿ ಹಿಂದ ಇತ್ತು. ಪುಸ್ತಕ ಬಂದ ವರ್ಷ ಹುಡುಗರೆಲ್ಲಾ ಕೂಡಿ ಹಾಡಿದ್ವು. ನಮ್ಮವ್ವ ರೊಟ್ಟಿ ಬಡ್ಯಾಕತ್ತಿದ್ಲು. ತನ್ನ ಹಾಡು ಅಂತ ಮೊದಲ ನಕ್ಕಳು. ಹತ್ತನೇದ ಕೇಳಿ ಕೈ ನಿಂತಿತು. ‘ಹಂಚಿಕೊಂಡು ತಿಂದೆವು ಅನ್ನಾಕತ್ತಾವಲ್ಲೋ ಫಕೀರಾ, ಯಾವಾಗ?’ ಅಂದ್ಲು. ನಾ ಏನ್ ಹೇಳ್ಲಿ? ಮತ್ತ ಒಮ್ಮಿ ಕೇಳಿದ್ಲು, ‘ಯಾವಾಗೋ?’ ಅಂತ. ಆಮ್ಯಾಲ ಸಾಯೂ ತನಕ ಒಲಿ ಮುಂದ ಆಕಿ ಹಾಡಲಿಲ್ಲ. ದಿನಾ ಹುಡುಗರು ಹಾಡವು, ಆಕಿ ಕಿಟಕಿ ಮುಚ್ಚಾಕಿ.”

“ಅಕ್ಕೋರಿಗೆ ಯಾಕ ಹೇಳಲಿಲ್ಲ?” ಎಂದೆ.

“ಅವರಿಗಿ ಗೊತ್ತಿರಬೇಕಿತ್ತು.”

“ಫಕೀರಪ್ಪ, ಗೊತ್ತಿರಬೇಕಿತ್ತು ಅಂತ ಐವತ್ತು ವರ್ಷ ಬಾಯಿ ಮುಚ್ಕೊಂಡ ಕೂತ್ರ, ಗೊತ್ತಾಗೋದು ಹೆಂಗ?”

“ಅದು ಅವರ ಚಿಂತಿ” ಎಂದು ಮೆಷಿನ್ ಶುರುಮಾಡಿದ. ಅವನ ಕಣ್ಣಲ್ಲಿ ನೀರಿತ್ತು. ಮೆಣಸಿನಕಾಯಿಯದ್ದೇ ಇರಬೇಕು ಎಂದು ಸರದಿಯಲ್ಲಿದ್ದವರು ಬೇರೆ ಕಡೆ ನೋಡಿದರು. ನಮ್ಮ ಊರಿನವರಿಗೆ ಬೇರೆ ಕಡೆ ನೋಡುವುದು ಚೆನ್ನಾಗಿ ಬರುತ್ತದೆ.

ದಾರಿಯಲ್ಲಿ ದಾದಾಪೀರನನ್ನು ಬೈದೆ. ಅವನು ಏನೂ ಮಾಡಿರಲಿಲ್ಲ. ಅಕ್ಕೋರಿಗೆ ಈ ಸುದ್ದಿಯನ್ನು ನಾನು ಹೇಳಬೇಕಾಗಿತ್ತು. ಅದಕ್ಕೆ ಯಾರನ್ನಾದರೂ ಬೈಯಬೇಕಿತ್ತು. “ಹೇಳದಿದ್ರ ಏನಾಕ್ಕೈತ್ರಿ?” ಎಂದು ಅವನು ಕೇಳಿದ. ಏನೂ ಆಗುತ್ತಿರಲಿಲ್ಲ. ‘ಸಹಯೋಗಿ’ ಎಂದು ಚೀಟಿ ಕಟ್ಟಿ ಮನೆಗೆ ಹೋಗಬಹುದಿತ್ತು. ಎಂಬತ್ತು ದಾಟಿದ ಹೆಂಗಸು ತನ್ನದೆಂದು ಹೆಮ್ಮೆಪಡುತ್ತಿದ್ದ ಒಂದೇ ಒಂದು ಸಾಲು ಯಾವುದು ಎಂದು ನನಗೆ ಆಗಲೇ ಗೊತ್ತಾಗಿತ್ತು.

ಮೂರು ದಿನ ತಡೆದೆ. ನಾಲ್ಕನೆಯ ದಿನ ಹೋಗಿ ಹೇಳಿದೆ. ಅಕ್ಕೋರು ಪೂರ್ತಿ ಕೇಳಿದರು. ನೀಲವ್ವ ಎರಡು ಸಲ ‘ಯಾವಾಗ’ ಎಂದು ಕೇಳಿದಳು ಎನ್ನುವುದನ್ನು ಒಂದು ಸಲಕ್ಕೆ ಇಳಿಸಿ ಹೇಳಿದ್ದೆ. ಅಷ್ಟೇ ನನ್ನಿಂದಾದದ್ದು.

“ಅದ ನಾ ಬರೆದ ಸಾಲು” ಎಂದರು. “ಹುಡುಗರು ಹಸದ ಬರತಿದ್ರು ಇಂದೂ. ಕಡೀ ಸಾಲಿನ್ಯಾಗರ ಎಲ್ಲಾರೂ ಕೂತು ಉಣ್ಣಲಿ ಅಂತ ಮಾಡಿದ್ದೆ. ಹಂಚು ಅನ್ನೂದನ್ನ ಹಂಚಿಕೊಂಡು ಮಾಡಿದ್ದು ಎಷ್ಟ ಛಂದ ಬಂತು ಅಂತ ನನಗ ಭಾಳ ಸಂತೋಷ ಆಗಿತ್ತು. ಹೊಸದಾಗಿ ಕನ್ನಡ ಕಲ್ತಾಕಿ ಅಲ್ಲೇನು? ಶಬ್ದದ ಆಟ ಆಡಾಕ ಬಂತಲ್ಲಾ ಅಂತ.” ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಆಕಿ ತಾ ಉಣಲಿಲ್ಲ ಅಂತ ಹಾಡಿನ್ಯಾಗ ಹೇಳಿದ್ಲು. ನಾ ಅದನ್ನ ಅಳಿಸಿಬಿಟ್ಟೆ.”

ಸಮಾಧಾನದ ಮಾತು ಹೇಳಲು ಹೋದೆ. ಕೈಯಲ್ಲೇ ತಡೆದರು. ಕೋಲು ತೆಗೆದುಕೊಂಡು ಎದ್ದರು. ಆ ಬಿಸಿಲಿನಲ್ಲಿ ಪೇಟೆ ಬೀದಿಯ ನಟ್ಟನಡುವೆ ನಡೆದರು, ನಾನು ಹಿಂದೆ ಹಿಂದೆ. ಜನ ಅಂಗಡಿಯಿಂದ ಹೊರಗೆ ಬಂದು ನಿಂತರು. ಈ ಸಲ ಯಾರೂ ಬೇರೆ ಕಡೆ ನೋಡಲಿಲ್ಲ.

ಗಿರಣಿಯ ಬಾಗಿಲಲ್ಲಿ ಫಕೀರಪ್ಪ ಅವರನ್ನು ನೋಡಿ ಬಾಗಿಲಿಗೆ ಕೈ ಹಾಕಿದ. ಅಕ್ಕೋರು ಕೋಲನ್ನು ಸಂದಿಯಲ್ಲಿ ಇಟ್ಟರು.

“ಫಕೀರಾ, ಹೆಸರಿನ ಮಾತ ತಗೊಂಡ ಬಂದಿಲ್ಲ. ಆ ಹತ್ತನೇ ಸಾಲು ನಂದು. ಕಮಿಟಿ ಅಲ್ಲ, ಅಚ್ಚಿನ ತಪ್ಪು ಅಲ್ಲ. ನಾನ ಬದಲ ಮಾಡಿದ್ದು.”

“ಗೊತ್ತೈತಿ.”

“ಹೇಳಬೇಕಿತ್ತಲ್ಲೋ.”

“ನೀವ ಕೇಳಬೇಕಿತ್ತು.”

“ಕೇಳಾಕ ಬಂದಾಗೆಲ್ಲಾ ಬಾಗಲಾ ಹಾಕಿದಿ.”

“ಹೆಸರು, ಹೆಸರು ಅಂತ ಬರತಿದ್ರಿ. ಆಕಿ ಹೆಸರು ಕೇಳಿದ್ಲೇನು?”

ಅಕ್ಕೋರು ಒಳಗೆ ಬಂದು ಯಾರದೋ ಗೋಧಿ ಚೀಲದ ಮೇಲೆ ಕೂತರು. “ಆಕಿ ಮುಂದ ತಪ್ಪಾತು ಅನ್ನಾಕ ಈಗ ಆಗೂದಿಲ್ಲ” ಎಂದರು. “ನಿನ್ನ ಮುಂದ ಅಂತೀನಿ. ಅದು ಸಾಲೂದಿಲ್ಲ ಅಂತ ಗೊತ್ತದ.”

ಫಕೀರಪ್ಪ ಜರಡಿ ಎತ್ತಿ ಇಟ್ಟ. ಕಲ್ಲಿನ ಮೇಲಿನ ಹಿಟ್ಟನ್ನು ಕೈಯಿಂದ ಗುಡಿಸಿದ. ಗುಡಿಸಿದ್ದನ್ನೇ ಮತ್ತೆ ಗುಡಿಸಿದ. “ನೀರ ಕುಡೀತೀರೇನು?” ಎಂದು ಕೇಳಿದ. ಕುಡಿಯುತ್ತೇನೆ ಎಂದರು. ತಂದುಕೊಟ್ಟ. ಐವತ್ತು ವರ್ಷ ಎಲ್ಲರೂ ಕಾದದ್ದು ಇಷ್ಟಕ್ಕೇ. ನನಗೆ ಸಿಟ್ಟು ಬಂತು.

ಅವತ್ತು ಫಕೀರಪ್ಪನೇ ಹೇಳಿದ, ನಾನು ಬರೆದುಕೊಂಡೆ. ಒಂಬತ್ತು ಸಾಲು ನೀಲವ್ವನವು. ಹತ್ತನೆಯದು ಎರಡು, ಅವಳದು ಮೊದಲು, ಅಕ್ಕೋರದ್ದು ಆಮೇಲೆ. ಯಾರು ಬದಲಿಸಿದರು, ಯಾಕೆ ಬದಲಿಸಿದರು, ಅದೂ ಇರಲಿ. ಅದನ್ನು ಕೇಳಿ ನೀಲವ್ವ ಯಾವಾಗ ಎಂದಳು, ಅದಂತೂ ಇರಲೇಬೇಕು. ಕಲಿಸಿದವರು ಇಬ್ಬರು, ಕಲಿತವರು ಅವರೇ ಇಬ್ಬರು. ಎರಡೂ ಚೀಟಿಯನ್ನು ಆ ತೋಳುದಪ್ಪದ ಎಳೆಗೆ ಕಟ್ಟಿದೆವು.

ತ್ರಿಲೋಚನರು ಎಲ್ಲವನ್ನೂ ವಾಪಸು ಕಳಿಸಿದರು. ಸಾಲಿಗೆ ಪ್ರತ್ಯೇಕ ವಿಳಾಸ ಇರುವುದಿಲ್ಲ. ಒಂದು ಹಾಡಿಗೆ ಎರಡು ಕೊನೆ ಇರುವುದಿಲ್ಲ. ‘ಯಾವಾಗ’ ಎನ್ನುವುದು ಪ್ರಶ್ನೆ, ಸಂಬಂಧವಲ್ಲ.

“ಅದ ಸಂಬಂಧ ಸರ್” ಎಂದೆ. “ಆ ಪುಸ್ತಕಕ್ಕೂ ಆ ಹೆಂಗಸಿಗೂ ಇರೋ ಸಂಬಂಧ ಅದೊಂದ. ನಿಮ್ಮ ನಲವತ್ತೂ ಸುಳ್ಳು.”

“ಭಾವನಾತ್ಮಕ ಆಗ್ಬೇಡಿ ಮೇಡಂ. ನಾನೂ ನಿಮ್ಮ ಹಾಗೇ ಸಾಹಿತ್ಯ ಓದಿ ಬಂದವನು. ಆದರೆ ಪಟ್ಟಿಯನ್ನ ಒಬ್ಬರಿಗೆ ಸಡಿಲ ಮಾಡಿದ್ರೆ ಎಲ್ಲರಿಗೂ ಮಾಡಬೇಕಾಗುತ್ತೆ. ಆಗ ಯಂತ್ರಕ್ಕೆ ಯಾರ ಮಾತೂ ಅರ್ಥ ಆಗಲ್ಲ.”

ಅವರು ಹೇಳಿದ್ದರಲ್ಲಿ ನಿಜ ಇಲ್ಲದೆ ಇರಲಿಲ್ಲ. ಅದು ಇನ್ನೂ ಸಿಟ್ಟು ತಂದಿತು. ಹಾಗಾದರೆ ನಮ್ಮ ಊರನ್ನು ನಿಮ್ಮ ಯೋಜನೆಯಿಂದ ಬಿಡಿ ಎಂದೆ. ಮಾಹಿತಿ ಹೊಂದಿಕೆಯಾಗುವುದಿಲ್ಲವೆಂದು ಷರಾ ಬರೆದು ಅವರು ಬಿಟ್ಟೇಬಿಟ್ಟರು. ಪ್ರಾಂಶುಪಾಲರು ಕರೆದು ಒಂದು ಗಂಟೆ ಬುದ್ಧಿ ಹೇಳಿದರು. ಅದನ್ನು ಇಲ್ಲಿ ಹೇಳುವುದು ಬೇಡ.

ಆಮೇಲೆ ದಾದಾಪೀರ ತಣ್ಣಗೆ ಒಂದು ಮಾತು ಹೇಳಿದ. “ಮೇಡಂ, ಅವರ ಕೊಟ್ಟ ಟ್ರೇನಿಂಗಿನ್ಯಾಗ ಮೊದಲನೇ ದಿನ ಏನ್ ಹೇಳಿದ್ರು? ಈ ಜಾಲದಾಗ ಯಾರ ಬೇಕಾದ್ರೂ ಯಾವುದರ ಬಗ್ಗೆ ಬೇಕಾದ್ರೂ ಒಂದು ಮಾತ ಸೇರಸಬಹುದು ಅಂತ. ನಾವು ಅವರನ್ನ ಯಾಕ ಕೇಳಬೇಕ್ರಿ?” ಕಾಲೇಜಿನ ಸ್ವಂತ ತಾಣದಲ್ಲಿ ನಾವೇ ನೀಲವ್ವನಿಗೆ ಒಂದು ವಿಳಾಸ ಕೊಟ್ಟೆವು. ಅವಳ ಹತ್ತನೇ ಸಾಲಿಗೆ ಒಂದು. ಅಲ್ಲಿಂದ ಕೇಂದ್ರ ಗ್ರಂಥಾಲಯದ ಅದೇ ಪುಸ್ತಕಕ್ಕೆ ಕೊಂಡಿ ಹಾಕಿದೆವು. ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಎರಡು ತಿಂಗಳು ಯಾರೂ ಅದನ್ನು ನೋಡಲೂ ಇಲ್ಲ.

ಆಮೇಲೆ ಯಾವುದೋ ಊರಿನ ಶಿಕ್ಷಕಿಯೊಬ್ಬರು ಪುಸ್ತಕವನ್ನು ಹುಡುಕುತ್ತ ನಮ್ಮ ಕೊಂಡಿ ಹಿಡಿದು ಬಂದರು. ತಮ್ಮ ಅಜ್ಜಿ ಹಾಡುತ್ತಿದ್ದ ಹತ್ತನೇ ರೊಟ್ಟಿ ಹಿತ್ತಲ ನಾಯಿಗೆ ಹೋಗುತ್ತಿತ್ತು ಎಂದು ತಮ್ಮ ವಿಳಾಸದಿಂದ ಸೇರಿಸಿದರು. ಇನ್ನೊಂದು ಕಡೆಯಿಂದ, ಹತ್ತನೇ ರೊಟ್ಟಿಗೆ ಹಿಟ್ಟೇ ಮುಗಿದಿತ್ತು ಎಂದು ಬಂತು. ಮತ್ತೊಂದರಲ್ಲಿ ಹತ್ತನೆಯದನ್ನು ಹೊತ್ತಿಲ್ಲದ ಹೊತ್ತಿನಲ್ಲಿ ಬಂದ ಮೈದುನ ತಿಂದಿದ್ದ. ಮಳೆಗಾಲ ಮುಗಿಯುವುದರೊಳಗೆ ಹನ್ನೊಂದು ಊರು ಸೇರಿದವು. ದಾದಾಪೀರ ಎಲ್ಲವನ್ನೂ ಒಂದೇ ಪ್ರಶ್ನೆಯಲ್ಲಿ ಕಂಪ್ಯೂಟರಿಗೆ ಕೇಳಿದ. ಒಂಬತ್ತು ಸಾಲು ಊರೂರಿಗೆ ಬೇರೆ. ಎಲ್ಲಿಯೂ ರೊಟ್ಟಿ ಬಡಿದವಳಿಗೆ ಒಂದೂ ಸಿಕ್ಕಿರಲಿಲ್ಲ. ಇಷ್ಟು ವರ್ಷ ನಾನು ಶಿಕ್ಷಣದ ಇತಿಹಾಸ ಕಲಿಸಿದ್ದೆ. ಇಂಥ ಒಂದು ಉತ್ತರ ಯಾವ ಪುಸ್ತಕದಿಂದಲೂ ನನಗೆ ಸಿಕ್ಕಿರಲಿಲ್ಲ. ತ್ರಿಲೋಚನರು ಫೋನ್ ಮಾಡಿ ಇದನ್ನು ತಮ್ಮ ಯೋಜನೆಯ ಫಲ ಎಂದು ವರದಿಯಲ್ಲಿ ಸೇರಿಸಿಕೊಳ್ಳಬಹುದೇ ಎಂದು ಕೇಳಿದರು. ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದಲ್ಲ ಸರ್ ಎಂದೆ.

ಪೇಟೆ ಬೀದಿಯ ಎಳೆ ತೆಳುವಾಗಲಿಲ್ಲ. ಮಾತು ಶುರುವಾದ ಮೇಲೆ ಅವರಿಬ್ಬರೂ ದಿನವೂ ಜಗಳವಾಡುತ್ತಿದ್ದರು. ಮೂರನೇ ಸಾಲಿನಲ್ಲಿ ಮಾವ ಮುದುಕನೋ ಮಂಕನೋ ಎಂದು ಅವರಿಗೆ ಇನ್ನೂ ಒಪ್ಪಿಗೆಯಾಗಿಲ್ಲ.

ನಮ್ಮ ಶಾಲೆಯ ಒಂದನೇ ತರಗತಿಗೆ ಹಾಡು ಕಲಿಸಲು ಒಂದು ದಿನ ಅಕ್ಕೋರೇ ಬಂದರು. ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಬೆರಳು ಮಡಚಿಸಿ ಒಂದೊಂದೇ ಸಾಲು ಹೇಳಿಸಿದರು. ಫಕೀರಪ್ಪ ಒಳಗೆ ಬಾರದೆ ಬಾಗಿಲಲ್ಲಿ ನಿಂತಿದ್ದ, ಎಲ್ಲಿ ತಪ್ಪುತ್ತಾರೆ ಎಂದು ಕಾಯುವವನ ಹಾಗೆ. “ಹತ್ತನೇ ರೊಟ್ಟಿ ಹಂಚಿಗಿ ಹತ್ತಿತ್ತು” ಎಂದರು ಅಕ್ಕೋರು. ಮಕ್ಕಳು ಹೇಳಿದವು. ಎರಡನೇ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಹತ್ತೂ ಬೆರಳು ಮಡಚಿಕೊಂಡು ಕೂತು ಯೋಚಿಸಿದಳು.

“ಹಂಗಾರ ಅವ್ವ ಏನ್ ತಿಂದ್ಲ್ರೀ ಅಕ್ಕೋರ?”

ಅಕ್ಕೋರು ಬಾಗಿಲ ಕಡೆ ನೋಡಿದರು. ಫಕೀರಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಆ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಹಂಚ ಕೆರಕೊಂಡ ತಿಂದ್ಲವ್ವಾ” ಎಂದ.